ಗಿಡಗಳ ಲೆಕ್ಕಕ್ಕೆ ಮೊದಲು ನೀರಿನ ಲೆಕ್ಕ ಹಾಕಿ

ಅಕ್ಕಪಕ್ಕದವರನ್ನು ಸೇರಿಸಿ ಖಾಲಿ ಜಾಗದಲ್ಲಿ ಗಿಡ ನೆಡಬೇಕು, ಮುಂದೆ ಅದನ್ನೇ ವೃತ್ತಿ ಮಾಡಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಖಂಡಿತ ಸಾಧ್ಯ. ಆದರೆ ನೆಡುವ ದಿನ ಬಂದ ಜನ ಒಣ ತಿಂಗಳಲ್ಲಿ ನೀರು ಹಾಕಲು ಬರುವುದಿಲ್ಲ; ಇಂಥ ಗುಂಪುಗಳು ಸೋಲುವುದು ಹೆಚ್ಚಾಗಿ ಅಲ್ಲೇ.

ಹಾಗಾಗಿ 50 ಗಿಡಕ್ಕಿಂತ ಹೆಚ್ಚು ಬೇಡ. ಗಿಡಕ್ಕೆ 10 ಲೀಟರ್ ಅಂದರೂ ಒಂದು ಸುತ್ತಿಗೆ 500 ಲೀಟರ್, ಅಂದರೆ 10 ಲೀಟರಿನ ಎರಡು ಬಕೆಟ್ ಹಿಡಿದು 25 ಸಲ ಓಡಾಟ. ನಾಲ್ಕೈದು ಜನಕ್ಕೆ ಇದು ಒಂದು ಬೆಳಗಿನ ಕೆಲಸ. ಜಾಗದ ಮಾಲೀಕರಿಂದ ಲಿಖಿತ ಒಪ್ಪಿಗೆ ಪಡೆಯಿರಿ, ಬಾಯಿಮಾತು ನಂಬಬೇಡಿ.

ಗುಂಡಿ ಬೇರಿನ ಮುದ್ದೆಯ (ಬೇರು ಮತ್ತು ಅದಕ್ಕೆ ಅಂಟಿದ ಮಣ್ಣು) ಎರಡರಷ್ಟು ಅಗಲವಿರಲಿ, ಆಳ ಮಾತ್ರ ಮುದ್ದೆಯಷ್ಟೇ. ಕಾಂಡದ ಬುಡ ಮಣ್ಣಲ್ಲಿ ಹೂತರೆ ತೊಗಟೆ ಕೊಳೆಯುತ್ತದೆ. ಚೀಲದೊಳಗೆ ಸುತ್ತಿಕೊಂಡ ಬೇರನ್ನು ಬಿಡಿಸಿ ಅಥವಾ ಮೂರ್ನಾಲ್ಕು ಕಡೆ ಸೀಳಿ. ಇಲ್ಲದಿದ್ದರೆ ವರ್ಷಗಳ ನಂತರ ಅದೇ ಬೇರು ಮರದ ಕತ್ತು ಹಿಸುಕುತ್ತದೆ. ಒಣಎಲೆಯ ಹೊದಿಕೆ 5ರಿಂದ 8 ಸೆಂಟಿಮೀಟರ್ ದಪ್ಪ ಸಾಕು, ಕಾಂಡಕ್ಕೆ ತಾಗದಿರಲಿ.

ಭೇಟಿಗೆ ವಾರ, ಸಮಯ ಎರಡೂ ನಿಗದಿಯಾಗಿರಲಿ. ಪ್ರತಿ ಸಲ ‘ಯಾವಾಗ ಸೇರೋಣ’ ಎಂಬ ಮತದಾನ ನಡೆಸಿದರೆ ಗುಂಪು ತಾನಾಗಿ ಕರಗುತ್ತದೆ. ಭಾರ ಹೊರಲಾಗದವರಿಗೆ ಬೀಜ ವಿಂಗಡಣೆ, ಗಿಡಗಳ ದಾಖಲೆ ಪುಸ್ತಕ ವಹಿಸಿ.

ವೃತ್ತಿಯ ಮಾತಿಗೆ ಬಂದರೆ, ಆ ಪುಸ್ತಕವೇ ನಿಮ್ಮ ಅರ್ಹತಾಪತ್ರ: ಗಿಡದ ಜಾತಿ, ನೆಟ್ಟ ದಿನ, ಬದುಕಿದ್ದೆಷ್ಟು, ಸತ್ತಿದ್ದೇಕೆ. ಸ್ಥಳೀಯ ಜಾತಿಗಳ ನರ್ಸರಿ, ಸಸ್ಯ ಸಮೀಕ್ಷೆ ಇಂಥ ಕೆಲಸಗಳಿಗೆ ಉತ್ಸಾಹದ ಪತ್ರಕ್ಕಿಂತ ಅದೇ ಹೆಚ್ಚು ತೂಗುತ್ತದೆ. ಎರಡು ಬೇಸಿಗೆಯ ದಾಖಲೆ ಕೈಗೆ ಬರುವವರೆಗೂ ಈಗಿನ ಕೆಲಸ ಬಿಡಬೇಡಿ.