ಮೊಮ್ಮಗ ಸೋತರೆ ಸೋಲಲಿ ಬಿಡಿ, ಕಾಕಾ

ಕಲಬುರಗಿಯ ಬ್ರಹ್ಮಪುರದಿಂದ ನಿವೃತ್ತ ನೌಕರರೊಬ್ಬರ ಪತ್ರ: “ಐದು ವರ್ಷದ ಮೊಮ್ಮಗ ಚೌಕಾಬಾರದಲ್ಲಿ ಸೋತರೆ ಕವಡೆ ಎಸೆದು ಅಳುತ್ತಾನೆ. ಅದಕ್ಕೆ ನಾನೇ ಬೇಕೆಂದು ಸೋಲುತ್ತೇನೆ. ಶಾಲೆಯಲ್ಲೂ ಅರ್ಧ ದಿನ ಆಟವೇ. ಆಡಿದರೆ ಮಕ್ಕಳ ಮನಸ್ಸು ಗಟ್ಟಿಯಾಗುತ್ತದೆ ಎಂದು ಸೊಸೆ ವಾದಿಸುತ್ತಾಳೆ. ಮೊನ್ನೆ ಎಸೆದ ಕವಡೆ ಗಟಾರಕ್ಕೆ ಬಿತ್ತು. ಇದೇ ಏನು ಗಟ್ಟಿತನ? ಶಾಲೆಯವರು ನಮಗೆ ಟೋಪಿ ಹಾಕುತ್ತಿಲ್ಲವೆ?”

ಸಂಪಾದಕರ ಉತ್ತರ:

ಕಾಕಾ ಎಂದೇ ಕರೆಯುತ್ತೇನೆ, ತಪ್ಪು ತಿಳಿಯಬೇಡಿ. ವಯಸ್ಸಿನಲ್ಲಿ ಹಿರಿಯರಾದ ನಿಮಗೆ ‘ಆಟದಲ್ಲಿ ಮೋಸ ಮಾಡುತ್ತಿದ್ದೀರಿ’ ಎಂದು ಹೇಳಬೇಕಾಗಿದೆ. ಸಲುಗೆಯಿಲ್ಲದೆ ಆ ಮಾತು ಆಡಲಾಗದು.

ಶಾಲೆಯ ವಿಷಯ ಮೊದಲು ಮುಗಿಸುತ್ತೇನೆ. ಆಟದ ಮೂಲಕ ಕಲಿಸುವುದು ನಿನ್ನೆ ಮೊನ್ನೆ ಬಂದ ಫ್ಯಾಷನ್ ಅಲ್ಲ. ವಕೀಲಿ ವೃತ್ತಿ ಬಿಟ್ಟು ಬಂದ ಗಿಜುಭಾಯಿ ಬಧೇಕಾ 1920ರಲ್ಲೇ ಗುಜರಾತಿನ ಭಾವನಗರದಲ್ಲಿ ಬಾಲಮಂದಿರವೆಂಬ ಶಿಶುಶಾಲೆ ತೆರೆದು, ಬೆತ್ತ ಮತ್ತು ಬಾಯಿಪಾಠದ ಜಾಗದಲ್ಲಿ ಕಥೆ, ಹಾಡು, ಆಟಗಳನ್ನು ತಂದಿದ್ದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನ ಅವಧಿಯನ್ನು ಬುನಾದಿ ಹಂತವೆಂದು ಕರೆದು, ಅಲ್ಲಿ ಆಟಕ್ಕೆ ಪ್ರಾಶಸ್ತ್ಯ ಕೊಟ್ಟಿತು. ಆ ನೀತಿಯ ಸುತ್ತಲಿನ ರಾಜಕೀಯ ಜಗಳ ಬೇರೆಯದು, ಅದು ಇಲ್ಲಿ ಬೇಡ. ಆದರೆ ನಿಮ್ಮ ಅನುಮಾನ ಪೂರ್ತಿ ಸುಳ್ಳಲ್ಲ. ಬಣ್ಣದ ಪ್ಲಾಸ್ಟಿಕ್ ತುಂಡುಗಳನ್ನು ಮಕ್ಕಳ ಮುಂದೆ ಸುರಿದು, ‘ಕೆಂಪು ಎತ್ತು, ನೀಲಿ ಎತ್ತು’ ಎಂದು ಗದರುವುದನ್ನೂ ಕೆಲವರು ಆಟವೆನ್ನುತ್ತಾರೆ. ಒಂದು ದಿನ ಹೋಗಿ ನೋಡಿ. ಆಟದ ನಿಯಮವನ್ನು ಮಕ್ಕಳೇ ಬದಲಿಸಬಹುದೇ, ಜಗಳವಾದರೆ ಟೀಚರು ಸ್ವಲ್ಪ ಹೊತ್ತು ಕಾಯುತ್ತಾರೆಯೇ ಎಂಬುದನ್ನು ಗಮನಿಸಿ. ಎರಡೂ ಇದ್ದರೆ ಫೀಸು ದಂಡವಾಗಿಲ್ಲ.

ಇನ್ನು ನಿಮ್ಮ ಪಡಸಾಲೆಗೆ ಬರೋಣ. ಶಹಾಬಾದ ಪರಸಿಯ ಮೇಲೆ ಸೀಮೆಸುಣ್ಣದಿಂದ ಇಪ್ಪತ್ತೈದು ಮನೆ ಬರೆದು ಆಡುತ್ತೀರೆಂದು ಬರೆದಿದ್ದೀರಿ. ಓದಿ ಹೊಟ್ಟೆಕಿಚ್ಚಾಯಿತು. ಚೌಕಾಬಾರದಲ್ಲಿ ಏನಾಗುತ್ತದೆ ನೋಡಿ. ಇನ್ನೆರಡು ಹೆಜ್ಜೆ ಇಟ್ಟರೆ ನಡುಮನೆ ಸೇರಿ ಹಣ್ಣಾಗಬೇಕಿದ್ದ ಕಾಯಿಯನ್ನು ಎದುರಿನವರು ಹೊಡೆಯುತ್ತಾರೆ. ಕಾಯಿ ಆಟದಿಂದ ಹೊರಗೆ ಹೋಗುವುದಿಲ್ಲ, ತನ್ನ ಮನೆಗೆ ಮರಳಿ ಮತ್ತೆ ಮೊದಲಿನಿಂದ ಹೊರಡುತ್ತದೆ. ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಆದರೆ ಕವಡೆ ಮತ್ತೆ ಕೈಗೆ ಬರುತ್ತದೆ. ಸೋಲಿನ ಬೆಲೆ ಇಷ್ಟು ಅಗ್ಗವಾಗಿರುವ ಜಾಗ ಮಗುವಿಗೆ ಬೇರೆಲ್ಲಿ ಸಿಗುತ್ತದೆ? ಅಲ್ಲದೆ ಇದು ಕವಡೆಯ ಆಟ. ಸೋತರೆ ‘ನಾನು ದಡ್ಡ’ ಎಂದುಕೊಳ್ಳಬೇಕಾಗಿಲ್ಲ, ಕವಡೆ ಬೀಳಲಿಲ್ಲ, ಅಷ್ಟೇ. ಐದರ ಹುಡುಗನಿಗೆ ಚದುರಂಗಕ್ಕಿಂತ ಇದು ವಾಸಿ.

ನೀವು ಮೂರು ಬಿದ್ದಾಗ ಎರಡೆಂದು ಎಣಿಸಿ ಅವನ ಕಾಯಿಯನ್ನು ಉಳಿಸುತ್ತೀರಿ. ಅವನಿಗೆ ಎಣಿಕೆ ಬಂದ ದಿನ ಎರಡು ಸಂಗತಿ ಒಟ್ಟಿಗೆ ತಿಳಿಯುತ್ತವೆ: ಅಜ್ಜ ಸುಳ್ಳು ಎಣಿಸುತ್ತಾರೆ, ತಾನು ಸೋಲು ತಡೆಯಲಾರೆನೆಂದು ಅಜ್ಜನಿಗೂ ಅನಿಸಿದೆ. ಎರಡನೆಯದು ಹೆಚ್ಚು ನೋಯಿಸುತ್ತದೆ.

ಸೋತಾಗ ಅಳಲಿ. ‘ಗಂಡು ಹುಡುಗ ಅಳಬಾರದು’ ಎನ್ನಬೇಡಿ. ಸಿಟ್ಟನ್ನು ತಡೆದು ಯೋಚಿಸುವ ಮಿದುಳಿನ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತರ ವಯಸ್ಸು ದಾಟಬೇಕು. ಐದು ವರ್ಷದವನಿಂದ ನಾವು ಸಮಾಧಾನವನ್ನು ಕೇಳುವುದೇ ಸಾಲ ಕೇಳಿದಂತೆ. ಪಕ್ಕದಲ್ಲಿ ಕುಳಿತು, ‘ಹಣ್ಣಾಗುವ ಹೊತ್ತಿಗೆ ಹೋಯಿತಲ್ಲ, ಸಿಟ್ಟು ಬಂತೇನು?’ ಎಂದರೆ ಸಾಕು. ಕವಡೆ ಎಸೆದರೆ ಮಾತ್ರ ಆಟ ಅಲ್ಲಿಗೇ ನಿಲ್ಲಲಿ, ಎಸೆದದ್ದನ್ನು ಅವನೇ ಆರಿಸಿ ತರಲಿ. ನೀವು ನಿಜವಾಗಿ ಸೋತಾಗ ‘ಛೇ’ ಎಂದು ಒಮ್ಮೆ ಗೊಣಗಿ, ಮತ್ತೆ ಮನೆ ಬರೆಯಿರಿ. ಅವನು ಅದನ್ನೂ ನೋಡುತ್ತಿರುತ್ತಾನೆ.

ಸಮಾಧಾನ ಮಾಡಲು ಹೋಗಿ ನಾನೇ ಎಡವಿದ್ದೇನೆ. ಒಂದು ಮಣ್ಣೆತ್ತಿನ ಅಮಾವಾಸ್ಯೆಯಂದು ಮಗಳು ಎರೆಮಣ್ಣು ಕಲಸಿ ಜೋಡೆತ್ತು ಮಾಡಿ ಬಿಸಿಲಿಗಿಟ್ಟಿದ್ದಳು. ಒಣಗುವಾಗ ಒಂದರ ಕೊಂಬು ಮುರಿಯಿತು. ಅವಳು ಬಾಯಿ ತೆರೆಯುವ ಮೊದಲೇ ನಾನು ಬೆಂಕಿಕಡ್ಡಿ ಚುಚ್ಚಿ ಕೊಂಬನ್ನು ಕೂಡಿಸಿದೆ. ಅವಳ ಅಳು ಇಮ್ಮಡಿಯಾಯಿತು. ಕಡ್ಡಿ ಕಿತ್ತು ಬಿಸಾಡಿದಳು. ಅರ್ಧ ಗಂಟೆಯಾದ ಮೇಲೆ ನೋಡಿದರೆ ಎತ್ತಿನ ತಲೆಗೆ ಹಳೆಯ ಸೀರೆಯ ಅಂಚು ಕಟ್ಟಿದ್ದಾಳೆ, ಮುಂದೆ ನಾಲ್ಕು ಜೋಳದ ಕಾಳು ಇಟ್ಟಿದ್ದಾಳೆ. ‘ಗುದ್ದಾಡಿ ಮುರಿದುಕೊಂಡಿದೆ, ನಾಳೆ ಹೊಲಕ್ಕೆ ಹೋಗುವುದಿಲ್ಲ’ ಎಂದಳು. ನನ್ನ ಬೆಂಕಿಕಡ್ಡಿಗೆ ಆ ಕಥೆಯಲ್ಲಿ ಜಾಗವಿರಲಿಲ್ಲ.

ರಷ್ಯದ ಮನೋವಿಜ್ಞಾನಿ ಲೆವ್ ವೈಗೋಟ್‌ಸ್ಕಿ 1933ರ ಉಪನ್ಯಾಸವೊಂದರಲ್ಲಿ ಇಂಥ ನಟನೆಯ ಆಟದ ಬಗ್ಗೆ ಮಾತಾಡಿದ್ದರು. ಪಾತ್ರ ವಹಿಸಿದ ಮಗು ತನ್ನ ಆಸೆಗಿಂತ ಪಾತ್ರದ ನಿಯಮಕ್ಕೆ ತಲೆಬಾಗುತ್ತದೆ ಎಂಬುದು ಅವರ ವಾದ. ನಿಮ್ಮ ಓಣಿಯ ಮಕ್ಕಳು ಬಸ್ಸಿನ ಆಟ ಆಡುವುದನ್ನು ನೋಡಿ. ಎಲ್ಲರಿಗೂ ಡ್ರೈವರ್ ಆಗುವ ಆಸೆ, ಆದರೂ ಒಬ್ಬ ಸೇಡಂಗೆ ಟಿಕೆಟ್ ಕೊಂಡು ಹಿಂದೆ ಕುಳಿತುಕೊಳ್ಳುತ್ತಾನೆ. ತನ್ನ ಸರದಿ ಬರುವವರೆಗೆ ಹಾಗೆ ಕೂರುವುದು ದೊಡ್ಡವರಿಗೂ ಕಷ್ಟ, ಬಸ್ ನಿಲ್ದಾಣಕ್ಕೆ ಹೋದರೆ ಗೊತ್ತಾಗುತ್ತದೆ.

ಆಟವೊಂದರಿಂದಲೇ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಮಗು ಆಟವನ್ನೇ ಬಿಟ್ಟು ಮೂಲೆ ಹಿಡಿದರೆ, ಊಟ ನಿದ್ದೆ ಕೆಟ್ಟು ವಾರಗಟ್ಟಲೆ ಹಾಗೆಯೇ ಇದ್ದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ನಿಮ್ಮ ಮೊಮ್ಮಗ ಹಾಗಿಲ್ಲ, ಅತ್ತ ಹತ್ತು ನಿಮಿಷಕ್ಕೆ ‘ಇನ್ನೊಂದು ಆಟ’ ಎನ್ನುತ್ತಾನೆಂದು ನೀವೇ ಬರೆದಿದ್ದೀರಿ. ಪತ್ರದಲ್ಲಿ ನನಗೆ ಹಿಡಿಸಿದ ಸಾಲು ಅದೇ.

ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನೋವಿಜ್ಞಾನಿ ಎಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಜಗಳಗಳಂಥ ಕಷ್ಟಗಳ ನಡುವೆ ಬೆಳೆದವರಲ್ಲಿ ಮೂರರಲ್ಲೊಂದು ಪಾಲು ಮಕ್ಕಳು ನೆಟ್ಟಗೆ ನಿಂತರು. ಅವರ ಬದುಕಿನಲ್ಲಿ ಕೈಬಿಡದ ಹಿರಿಯರೊಬ್ಬರು ಇದ್ದರು, ಎಷ್ಟೋ ಸಲ ಅದು ಅಜ್ಜಿ ಅಥವಾ ಅಜ್ಜ. ಸೊಸೆಗೆ ಇದನ್ನು ಓದಿ ಹೇಳಿ, ವಾದದಲ್ಲಿ ನಿಮಗೂ ಅರ್ಧ ಗೆಲುವು ಸಿಗಲಿ.

ಗಟಾರಕ್ಕೆ ಬಿದ್ದ ಕವಡೆಯ ಚಿಂತೆ ಬಿಡಿ. ನಾಲ್ಕು ಹುಣಸೆ ಬೀಜ ತೆಗೆದುಕೊಂಡು ಒಂದು ಬದಿಯನ್ನು ಬಿಳಿ ಕಾಣುವವರೆಗೆ ಒರಟು ಕಲ್ಲಿಗೆ ತಿಕ್ಕಿದರೆ ಆಯಿತು. ಪಡಸಾಲೆಯ ಪರಸಿ ನುಣುಪಾಗಿರುತ್ತದೆ, ಹೊರಗಿನ ಮೆಟ್ಟಿಲೇ ಒಳ್ಳೆಯದು. ಹೊತ್ತು ಹಿಡಿಯುವ ಕೆಲಸ, ಬೆರಳೂ ಬಿಸಿಯಾಗುತ್ತದೆ. ಮೊಮ್ಮಗನೇ ತಿಕ್ಕಲಿ.