ಅಕ್ಕನೊಡನೆ ಮಾತಾಡಿದರೂ ಇಳಿಯದ ಆತಂಕ: ಒಂದು ಆಪ್ತಸಲಹೆ ಪ್ರಕರಣ

ಹೇಳಿಕೊಳ್ಳಲು ಆಪ್ತರಿದ್ದೂ ಆತಂಕದಿಂದ ನರಳುವವರು ನನ್ನಲ್ಲಿಗೆ ಪದೇ ಪದೇ ಬರುತ್ತಾರೆ. ಅಂಥ ಒಬ್ಬರ ಪ್ರಕರಣವನ್ನು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಆಕೆ ಗೃಹಿಣಿ, ಗಂಡನ ಕೆಲಸ ಅಭದ್ರ. ಬೇರೆ ಊರಿನ ಅಕ್ಕನೊಡನೆ ಪ್ರತಿ ರಾತ್ರಿ ಮಲಗುವ ಮುನ್ನ ಫೋನಿನಲ್ಲಿ ಮಾತು. “ಅಕ್ಕನ ಹತ್ರ ಎಲ್ಲಾನೂ ಹೇಳ್ಕೋತೀನಿ ಮೇಡಂ. ಆದ್ರೂ ಫೋನ್ ಇಟ್ಟ ಮೇಲೆ ಎದೆ ಇನ್ನೂ ಜೋರಾಗಿ ಹೊಡ್ಕೊಳ್ಳುತ್ತೆ, ಯಾಕೆ?” ಎಂದು ಕೇಳಿದರು.

ಹಿಂದಿನ ರಾತ್ರಿಯ ಮಾತನ್ನು ನೆನಪಿದ್ದಷ್ಟು ಹೇಳಿ ಎಂದೆ. ಮಗುವಿನ ಕೆಮ್ಮಿನಿಂದ ಶುರುವಾದ ಮಾತು, ಅಕ್ಕ “ಆಸ್ತಮಾ ಆಗಿದ್ರೆ?” ಎಂದೊಡನೆ ಆಸ್ಪತ್ರೆಯ ಖರ್ಚಿಗೆ, ಅಲ್ಲಿಂದ ಗಂಡನ ಕೆಲಸಕ್ಕೆ, ತೀರಿಹೋದ ಅಪ್ಪನ ಸಾಲಕ್ಕೆ ಹರಿದು, ಮತ್ತೆ ಕೆಮ್ಮಿಗೇ ಬಂದು ನಿಂತಿತ್ತು. ಇಷ್ಟು ಹೇಳಿ ಸುಮ್ಮನಾದ ಆಕೆ, “ಡಾಕ್ಟರಿಗೆ ಯಾವಾಗ ತೋರ್ಸೋದು ಅಂತ ಮಾತ್ರ ಇಬ್ರೂ ಮಾತಾಡ್ಲೇ ಇಲ್ಲ” ಎಂದರು.

ಸಮಸ್ಯೆಯನ್ನು ಇಬ್ಬರೂ ಸೇರಿ ಮೆಲುಕು ಹಾಕುವುದು ಸ್ನೇಹದ ಗಾಢತೆಯೊಡನೆಯೂ, ಆತಂಕ, ಖಿನ್ನತೆಯ ಲಕ್ಷಣಗಳೊಡನೆಯೂ ಹೆಣೆದುಕೊಂಡಿರುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಅಮಾಂಡಾ ರೋಸ್ 2002ರಲ್ಲಿ ಮಕ್ಕಳು ಮತ್ತು ಹದಿಹರೆಯದವರ ಅಧ್ಯಯನದಲ್ಲಿ ತೋರಿಸಿದರು. ಈ ಅಕ್ಕತಂಗಿಯರಲ್ಲಿ ನಾನು ಕಂಡದ್ದೂ ಅದನ್ನೇ.

“ಹಾಗಾದ್ರೆ ಆ ಫೋನನ್ನೇ ಬಿಡಿಸಿ” ಎಂದರು ಗಂಡ. ನಾನು ಒಪ್ಪಲಿಲ್ಲ, ಇಂಥ ಕೋರಿಕೆಗೆ ಇಂದಿಗೂ ಒಪ್ಪುವುದಿಲ್ಲ. ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ 1970ರ ದಶಕದಲ್ಲಿ ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ನಡೆಸಿದ ಅಧ್ಯಯನದಲ್ಲಿ, ಕಷ್ಟಕ್ಕೆ ಸಿಲುಕಿದ ಮಹಿಳೆಯರ ಪೈಕಿ ಗಂಡ ಅಥವಾ ಸಂಗಾತಿಯೊಡನೆ ಮನಬಿಚ್ಚಿ ಮಾತಾಡಲಾಗದವರು ಖಿನ್ನತೆಗೆ ಹೆಚ್ಚು ಸುಲಭವಾಗಿ ತುತ್ತಾಗುತ್ತಿದ್ದರು. ಮಗುವಿನ ಕೆಮ್ಮಿನ ವಿಷಯ ನಿಮಗೆ ಗೊತ್ತೇ ಎಂದು ಗಂಡನನ್ನು ಕೇಳಿದೆ. “ನನ್ನ ಹತ್ರ ಅವಳು ಹೇಳೋದೇ ಇಲ್ಲ” ಎಂದರು. ಇರುವ ಒಬ್ಬ ಆಪ್ತೆಯನ್ನೂ ಕಿತ್ತುಕೊಂಡರೆ ಆಕೆಗೆ ಉಳಿಯುವುದೇನು?

ಅಕ್ಕನೊಡನೆ ಸಂಜೆಯೇ ಮಾತಾಡಬೇಕು, ಒಂದು ಚಿಂತೆಯನ್ನು ಒಮ್ಮೆ ಹೇಳಿ, ನಾಳೆ ಮಾಡುವ ಒಂದು ಕೆಲಸವನ್ನು ಗೊತ್ತುಮಾಡಿಕೊಂಡು ಬೇರೆ ಮಾತಿಗೆ ಹೊರಳಬೇಕು, ಆ ಕೆಲಸವನ್ನು ರಾತ್ರಿ ಗಂಡನಿಗೂ ಹೇಳಬೇಕು ಎಂದು ಸೂಚಿಸಿದೆ. ಅಕ್ಕರೆಗೆ ಕಟ್ಟುಪಾಡು ಹಾಕುವುದು ನಿಷ್ಠುರವೆನಿಸಬಹುದು. ಆದರೆ ಆ ಅಕ್ಕರೆಯೇ ನಿದ್ದೆಗೆಡಿಸುತ್ತಿದ್ದಾಗ ಸುಮ್ಮನಿರಲು ನನ್ನಿಂದಾಗದು. ನಿದ್ದೆಯ ಜೊತೆಗೆ ಹಸಿವು, ಆಸಕ್ತಿಗಳೂ ವಾರಗಟ್ಟಲೆ ಕುಂದಿದ್ದರಿಂದ ಮನೋವೈದ್ಯರ ಬಳಿಗೂ ಕಳುಹಿಸಿದೆ. ಅಂಥ ಸ್ಥಿತಿಯಲ್ಲಿರುವ ಓದುಗರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಅಕ್ಕ ಮೊದಲು ನೊಂದುಕೊಂಡರು, ಆಮೇಲೆ “ನಾಳೆ ಏನ್ ಮಾಡ್ತೀಯ?” ಎಂದು ತಾವೇ ಕೇಳತೊಡಗಿದರು. ಗಂಡನೊಡನೆ ಮಾತು ಇನ್ನೂ ಕಡಿಮೆಯೇ. ಸದ್ಯ ಇಬ್ಬರೂ ಜೊತೆಯಾಗಿ ಬರುತ್ತಿದ್ದಾರೆ.