ನಿಮ್ಮ ಕೋಡ್ ಓದುವವರು ಯಾರು?

ಮುಧೋಳದ ತಂಗಿಗೆ,

ನಿಮ್ಮ ಪತ್ರ ಉದ್ದ ಇದೆ, ಪೂರ್ತಿ ಹಾಕಲು ಜಾಗ ಇಲ್ಲ. ಹೆಸರು ಬೇಡ ಅಂತ ನೀವೇ ಬರೆದಿದ್ದೀರಿ. ಉಳಿದ ಓದುಗರಿಗೆ ವಿಷಯ ತಿಳಿಯುವಷ್ಟು ಮಾತ್ರ ಹೇಳುತ್ತೇನೆ. ವಯಸ್ಸು 24. ಬಾಗಲಕೋಟೆಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿ, ಕ್ಯಾಂಪಸ್‌ನಲ್ಲೇ ಆಯ್ಕೆಯಾಗಿ, ಎರಡು ವರ್ಷದಿಂದ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಒಂದು ದೊಡ್ಡ ಸರ್ವಿಸ್ ಕಂಪನಿಯಲ್ಲಿದ್ದೀರಿ. ಸಪೋರ್ಟ್ ಕೆಲಸ, ಅದೂ ಅಮೆರಿಕದ ಗಿರಾಕಿಗೆ. ಹಾಗಾಗಿ ಸಂಜೆ ಶುರುವಾಗಿ ನಡುರಾತ್ರಿ ದಾಟುವ ಶಿಫ್ಟ್. ಕೈಗೆ ಬರುವುದು 31 ಸಾವಿರ. ಈಗ ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳಿಗೆ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗಳಿಗೆ, ಸಾಫ್ಟ್‌ವೇರ್ ಮಾಡಿಕೊಡುವ ಹದಿನಾಲ್ಕು ಜನರ ಕಂಪನಿಯೊಂದು 27 ಸಾವಿರಕ್ಕೆ ಕರೆದಿದೆ. ಎರಡು ವರ್ಷದ ಬಾಂಡ್ (ಅಲ್ಲಿಯವರೆಗೆ ಕೆಲಸ ಬಿಡುವುದಿಲ್ಲ ಅನ್ನುವ ಕರಾರು) ಕೇಳುತ್ತಿದ್ದಾರೆ, ಜೊತೆಗೆ ಮೂಲ ಮಾರ್ಕ್ಸ್ ಕಾರ್ಡ್‌ಗಳನ್ನೂ ಕೇಳುತ್ತಿದ್ದಾರೆ. ಅಪ್ಪ ಮಾತ್ರ ಎರಡೂ ಬೇಡ, ಮನೆಗೆ ಬಂದು ಪಿಡಿಒ, ಕೆಎಎಸ್ ಪರೀಕ್ಷೆಗೆ ಓದು ಅನ್ನುತ್ತಾರೆ. 'ಬೆಂಗಳೂರೋ ಬೆಳಗಾವಿಯೋ, ಒಂದೇ ಮಾತಿನಲ್ಲಿ ಹೇಳಿಬಿಡಿ ಸರ್' ಅಂತ ಪತ್ರ ಮುಗಿಸಿದ್ದೀರಿ.

ಒಂದೇ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ಆದರೆ ಪತ್ರವನ್ನು ಎರಡು ಸಲ ಓದಿದ ಮೇಲೆ ಒಂದು ವಿಷಯ ಎದ್ದು ಕಂಡಿತು. ಸಂಬಳ ಇದೆ, ಪಿಜಿ ಬಾಡಿಗೆ ಇದೆ, ಬಸ್ ದರ ಇದೆ, ಅತ್ತೆ ಏನಂದರು, ಗೆಳತಿಗೆ ಎಷ್ಟು ಹೈಕ್ ಆಯಿತು ಎಲ್ಲ ಇದೆ. ನೀವು ದಿನಾ ಕೂತು ಏನು ಮಾಡುತ್ತೀರಿ, ಅದನ್ನು ನೋಡಿ ಸರಿ-ತಪ್ಪು ಹೇಳುವವರು ಯಾರು ಅನ್ನುವುದು ಮಾತ್ರ ಎಲ್ಲೂ ಇಲ್ಲ. ಎರಡು ವರ್ಷದ ಎಂಜಿನಿಯರ್‌ಗೆ ಊರಿಗಿಂತ, ಸಂಬಳಕ್ಕಿಂತ ಜಾಸ್ತಿ ಮುಖ್ಯವಾದ ಪ್ರಶ್ನೆ ಅದು ಅಂತ ನನ್ನ ಅಭಿಪ್ರಾಯ. ನೀವು ಬರೆದ ಕೋಡನ್ನು ಒಬ್ಬ ಹಿರಿಯರು ಸಾಲು ಸಾಲಾಗಿ ಓದಿ, 'ಇಲ್ಲಿ ಎರಡು ಸಲ ಸೇವ್ ಆದರೆ ಏನಾಗುತ್ತೆ ನೋಡಿದೆಯಾ' ಅಂತ ಕೇಳಬೇಕು. ಅಂಥವರು ಬೆಂಗಳೂರಿನಲ್ಲಿ ಸಿಕ್ಕರೆ ಬೆಂಗಳೂರು, ಉದ್ಯಮಬಾಗದಲ್ಲಿ ಸಿಕ್ಕರೆ ಉದ್ಯಮಬಾಗ.

ಮೊದಲು ಈಗಿನ ಕೆಲಸದ ಬಗ್ಗೆ. 'ಸಪೋರ್ಟ್‌ನಲ್ಲಿ ಎರಡು ವರ್ಷ ಹಾಳಾಯಿತು' ಅಂತ ಬರೆದಿದ್ದೀರಿ. ಅಷ್ಟು ಕಡೆಗಣಿಸಬೇಡಿ. ರಾತ್ರಿ ಹನ್ನೊಂದಕ್ಕೆ ಟಿಕೆಟ್ (ಗಿರಾಕಿಯ ದೂರು) ಬಿದ್ದಾಗ ಲಾಗ್, ಅಂದರೆ ಸರ್ವರ್ ತಾನೇ ಬರೆದಿಡುವ ದಾಖಲೆ ತೆಗೆದು, ಡೇಟಾಬೇಸ್‌ನಿಂದ ಮಾಹಿತಿ ತೆಗೆಯಲು ಎಸ್‌ಕ್ಯೂಎಲ್ ಬರೆದು, ಯಾವ ಸರ್ವರ್‌ನಲ್ಲಿ ಯಾವ ಹೊತ್ತಿಗೆ ಏನು ಕೆಟ್ಟಿತು ಅಂತ ಹುಡುಕುತ್ತೀರಲ್ಲ, ಅದು ಸಣ್ಣ ವಿದ್ಯೆ ಅಲ್ಲ. ಹೊಸ ಫೀಚರ್ ಬರೆದು ಕೈ ತೊಳೆದುಕೊಂಡು, ಅದು ಗಿರಾಕಿಯ ಹತ್ತಿರ ಹೇಗೆ ಮುರಿಯಿತು ಅಂತ ಒಮ್ಮೆಯೂ ನೋಡದ ಡೆವಲಪರ್‌ಗಳು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಒಂದು ಮಿತಿ ಇದೆ. ಅದೇ ಹತ್ತು ಥರದ ಟಿಕೆಟ್‌ಗೆ ಅದೇ ಹತ್ತು ಥರದ ಉತ್ತರ ಹಾಕುತ್ತಾ ಮೂರನೇ ವರ್ಷವೂ ಕಳೆದರೆ, ಬಯೋಡೇಟಾದಲ್ಲಿ ಮೂರು ವರ್ಷ ಅಂತ ಇರುತ್ತದೆ, ಕೈಯಲ್ಲಿ ಇರುವುದು ಒಂದೇ ವರ್ಷದ ಅನುಭವ. ಎಐ ಬಂದು ಕೆಲಸ ಹೋಗುತ್ತಾ ಅಂತಲೂ ಕೇಳಿದ್ದೀರಿ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ 2, ಅಂದರೆ 12 ಸಾವಿರ ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿತು. ಅದರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರು. ಹಾಗಾಗಿ ಹೊಸಬರಷ್ಟೇ ಹೆದರಬೇಕು ಅಂತೇನೂ ಇಲ್ಲ. ಆದರೆ ಬರೆದಿಟ್ಟ ಉತ್ತರವನ್ನೇ ಹುಡುಕಿ ಕೊಡುವ ಕೆಲಸವನ್ನು ಯಂತ್ರ ಮೊದಲು ಕಲಿಯುತ್ತದೆ, ಅದು ನಿಮಗೂ ಗೊತ್ತು.

ಈಗ ಉದ್ಯಮಬಾಗ. ಬೆಂಗಳೂರಿನಲ್ಲಿ ಕೂತವರಿಗೆ ಇದು ಸುಮ್ನೆ ಹೊಗೆ, ದೂಳಿನ ಜಾಗ ಅನ್ನಿಸಬಹುದು. ಪಂಪು, ವಾಲ್ವು, ವಾಹನಗಳ ಭಾಗಗಳಿಗೆ ಬೇಕಾದ ಎರಕದ ಕೆಲಸ ಉದ್ಯಮಬಾಗ, ಮಚ್ಛೆ ಸುತ್ತಮುತ್ತ ಬಹಳ ವರ್ಷಗಳಿಂದ ನಡೆದಿದೆ. ಅಲ್ಲಿ ಸಾಫ್ಟ್‌ವೇರ್‌ಗೆ ಏನು ಕೆಲಸ ಅಂತ ನಿಮ್ಮ ಗೆಳತಿ ನಕ್ಕಳಂತೆ. ಅವಳಿಗೂ ಸೇರಿ ಹೇಳುತ್ತೇನೆ. ಕುಲುಮೆಯಲ್ಲಿ ಒಂದು ಸಲ ಕರಗಿಸಿದ ಲೋಹಕ್ಕೆ ಒಂದು ಹೀಟ್ ನಂಬರ್ ಕೊಡುತ್ತಾರೆ. ಆ ಹೀಟ್‌ಗೆ ಎಷ್ಟು ಗುಜರಿ, ಎಷ್ಟು ಪಿಗ್ ಐರನ್ (ಕಚ್ಚಾ ಕಬ್ಬಿಣ) ಹಾಕಿದ್ದರು, ಲೋಹದಲ್ಲಿ ಏನೇನು ಎಷ್ಟಿದೆ ಅಂತ ಅಳೆಯುವ ಸ್ಪೆಕ್ಟ್ರೋಮೀಟರ್ ಏನು ತೋರಿಸಿತು, ಮರಳಿನ ತೇವ ಎಷ್ಟಿತ್ತು, ಯಾವ ಪಾಳಿಯವರು ಎರಕ ಹೊಯ್ದರು, ಎಲ್ಲ ಆ ನಂಬರಿಗೆ ಅಂಟಿಕೊಂಡಿರಬೇಕು. ಆರು ತಿಂಗಳ ಮೇಲೆ ಪುಣೆಯ ಗಿರಾಕಿ, ಒಳಗೆ ಗಾಳಿಗುಳ್ಳೆ ಇದೆ ಅಂತ ಮಾಲು ವಾಪಸ್ ಕಳಿಸಿದರೆ, ಆ ಒಂದು ತುಂಡಿನಿಂದ ಹಿಂದಕ್ಕೆ ಹೋಗಿ ಕಾರಣ ಹಿಡಿಯಬೇಕು, ಅದೇ ಹೀಟ್‌ನ ಉಳಿದ ಮಾಲು ಎಲ್ಲೆಲ್ಲಿ ಹೋಗಿದೆ ಅಂತ ಹೇಳಬೇಕು. ನೀವು ರಾತ್ರಿ ಪಾಳಿಯಲ್ಲಿ ಟಿಕೆಟ್ ಹಿಡಿದು ಲಾಗ್‌ನಲ್ಲಿ ಹಿಂದಕ್ಕೆ ಹೋಗುತ್ತೀರಲ್ಲ, ಥೇಟ್ ಅದೇ ಕೆಲಸ.

ವಿದ್ಯುತ್ತಿನದು ಇನ್ನೊಂದು ಕತೆ. ಇಂಡಕ್ಷನ್ ಫರ್ನೇಸ್ (ವಿದ್ಯುತ್ತಿನ ಕುಲುಮೆ) ಇರುವ ಕಾರ್ಖಾನೆಗೆ ಹೆಸ್ಕಾಂ ಬಿಲ್ ಬರೀ ಯೂನಿಟ್ ಲೆಕ್ಕದ್ದಲ್ಲ, ಒಮ್ಮೆಗೆ ಎಷ್ಟು ವಿದ್ಯುತ್ ಎಳೆದರು ಅಂತ ಕೆವಿಎ ಲೆಕ್ಕದಲ್ಲಿ ಹಾಕುವ ಡಿಮ್ಯಾಂಡ್ ಶುಲ್ಕ ಬೇರೆ ಇರುತ್ತದೆ. ಎರಡು ಕುಲುಮೆ ಒಟ್ಟಿಗೆ ಹಚ್ಚಿ ಒಪ್ಪಂದದ ಕೆವಿಎ ಮೀರಿದರೆ ದಂಡದ ದರ. ಮೀರುವ ಮೊದಲೇ ಸೂಪರ್‌ವೈಸರ್ ಮೊಬೈಲ್‌ಗೆ ಎಚ್ಚರಿಕೆ ಹೋದರೆ ಮಾಲೀಕರಿಗೆ ಆ ತಿಂಗಳೇ ದುಡ್ಡು ಉಳಿಯುತ್ತದೆ. ಇನ್ನು 2023ರ ಆಗಸ್ಟ್ 1ರಿಂದ 5 ಕೋಟಿಗಿಂತ ಹೆಚ್ಚಿನ ವಹಿವಾಟು ಇರುವವರು ಉದ್ದಿಮೆಗಳಿಗೆ ಮಾಡುವ ಮಾರಾಟಕ್ಕೆ ಜಿಎಸ್‌ಟಿ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಾಗುವ ಬಿಲ್) ಮಾಡಲೇಬೇಕು. ಅಲ್ಲಿಯವರೆಗೆ ರಿಜಿಸ್ಟರ್ ಮತ್ತು ಎಕ್ಸೆಲ್‌ನಲ್ಲಿ ನಡೆಸಿದವರೂ ಆಗ ಸಾಫ್ಟ್‌ವೇರ್ ಹುಡುಕಬೇಕಾಯಿತು. ನಿಮ್ಮನ್ನು ಕರೆದಿರುವಂಥ ಕಂಪನಿಗಳಿಗೆ ಕೆಲಸ ಬರುವುದು ಇಂಥ ಕಡೆಯಿಂದಲೇ. ಇನ್ನೊಂದು ಅನುಕೂಲ ಹೇಳಿಬಿಡುತ್ತೇನೆ. ಇಲ್ಲಿ ಮಾಲೀಕರು ಮರಾಠಿಯಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತಾರೆ, ಶಾಪ್ ಫ್ಲೋರ್‌ನಲ್ಲಿ ಎರಡೂ ಸೇರಿ ಹಿಂದಿಯೂ ನಡೆಯುತ್ತದೆ. ಸ್ಕ್ರೀನ್ ಮೇಲಿನ ಬಟನ್‌ಗೆ ಯಾವ ಪದ ಹಾಕಿದರೆ ಆಪರೇಟರ್ ತಪ್ಪು ಒತ್ತುವುದಿಲ್ಲ ಅಂತ ಮುಧೋಳದವರಿಗೆ ಗೊತ್ತಾಗುವಷ್ಟು ಬೇರೆಯವರಿಗೆ ಗೊತ್ತಾಗಲ್ಲ.

ಇಷ್ಟು ಹೊಗಳಿದ ಮೇಲೆ ಹುಳುಕೂ ಹೇಳಬೇಕಲ್ವಾ. ಸಣ್ಣ ಕಂಪನಿಯಲ್ಲಿ ಎರಡು ವರ್ಷದ ಅನುಭವದವರೇ ಕೆಲವು ಸಲ 'ಸೀನಿಯರ್' ಆಗಿಬಿಡುತ್ತಾರೆ. ಮೊದಲ ತಿಂಗಳೇ ಗಿರಾಕಿಯ ಫೋನ್ ನಿಮಗೆ, ಡೇಟಾಬೇಸ್ ನಿಮಗೆ, ಪ್ರಿಂಟರ್ ಕೆಟ್ಟರೂ ನಿಮಗೆ. ಮೇಲೆ ಹೇಳಿಕೊಡುವವರು ಯಾರೂ ಇಲ್ಲ. ಕೆಲಸ ಮುಗಿದರೆ ಸಾಕು, ಹೇಗೆ ಬರೆದರು ಅಂತ ಯಾರೂ ನೋಡುವುದಿಲ್ಲ. ಎರಡು ವರ್ಷ ಆದ ಮೇಲೆ ಬೇರೆ ಕಡೆ ಇಂಟರ್‌ವ್ಯೂಗೆ ಕೂತಾಗಲೇ ಏನು ಕಲಿತಿಲ್ಲ ಅನ್ನುವುದು ಗೊತ್ತಾಗುವುದು. ಅಷ್ಟರಲ್ಲಿ ಕಂಪನಿಯೇ ಮುಚ್ಚಿದರೆ, ಬೆಂಗಳೂರಿನ ಹಾಗೆ ರಸ್ತೆ ದಾಟಿ ಇನ್ನೊಂದಕ್ಕೆ ಸೇರುವಷ್ಟು ಕಂಪನಿಗಳು ಬೆಳಗಾವಿಯಲ್ಲಿ ಇಲ್ಲ. ಸರ್ಕಾರ 'ಬಿಯಾಂಡ್ ಬೆಂಗಳೂರು' ಅಂತ ಹುಬ್ಬಳ್ಳಿ-ಧಾರವಾಡ-ಬೆಳಗಾವಿಯನ್ನು ಒಂದು ಕ್ಲಸ್ಟರ್ ಅಂತ ಹೆಸರಿಸಿದೆ, ಹುಬ್ಬಳ್ಳಿಯಲ್ಲಿ ಇನ್ಫೋಸಿಸ್ ಕ್ಯಾಂಪಸ್ ಇದೆ, ಸರಿ. ಆದರೂ ಬೆಂಗಳೂರಿಗೂ ಇದಕ್ಕೂ ಅಂತರ ದೊಡ್ಡದು.

ಅದಕ್ಕೇ ಹೇಳುವುದು, ಹೂಂ ಅನ್ನುವ ಮೊದಲು ಒಂದು ದಿನ ರಜೆ ಹಾಕಿ ಬನ್ನಿ. ಎಚ್‌ಆರ್ ಹತ್ತಿರ ಅಲ್ಲ, ನಿಮ್ಮ ಪಕ್ಕದ ಕುರ್ಚಿಯಲ್ಲಿ ಯಾರು ಕೂರುತ್ತಾರೋ ಅವರ ಹತ್ತಿರ ಮಾತಾಡಿ. ಕೋಡ್ ಗಿಟ್‌ನಲ್ಲಿದೆಯಾ (ಯಾರು ಯಾವಾಗ ಏನು ಬದಲಿಸಿದರು ಅಂತ ದಾಖಲಿಡುವ ವ್ಯವಸ್ಥೆ ಅದು), ಇಲ್ಲ ಯಾರದೋ ಪೆನ್‌ಡ್ರೈವ್‌ನಲ್ಲಿದೆಯಾ ಕೇಳಿ (ನಗಬೇಡಿ, ಈಗಲೂ ಇದೆ). ಕಳೆದ ತಿಂಗಳು ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ತಿದ್ದಿಸಿದ ಒಂದೇ ಒಂದು ಉದಾಹರಣೆ ತೋರಿಸಿ ಅನ್ನಿ. ಗಿರಾಕಿಯ ಫೌಂಡ್ರಿಗೆ ನಿಮ್ಮನ್ನೂ ಕರೆದುಕೊಂಡು ಹೋಗುತ್ತಾರಾ, ಅಥವಾ ಮಾಲೀಕರೊಬ್ಬರೇ ಹೋಗಿ ಬಂದು ಬಾಯಲ್ಲಿ ಹೇಳುತ್ತಾರಾ ಕೇಳಿ. ಹೆಣ್ಣುಮಗಳು, ಕುಲುಮೆ ಹತ್ತಿರ ಯಾಕೆ ಅಂತ ಯಾರಾದರೂ ಅಂದರೆ, ಆ ಕಂಪನಿಯಲ್ಲಿ ನೀವು ಸ್ಕ್ರೀನ್ ಬಣ್ಣ ಬದಲಾಯಿಸುತ್ತಾ ಕೂರುತ್ತೀರಿ ಅಂತ ಲೆಕ್ಕ. ಹತ್ತು ವರ್ಷ ಅನುಭವದ ಒಬ್ಬರಾದರೂ ಅಲ್ಲಿದ್ದು, ನಿಮ್ಮ ಕೋಡ್ ಓದುವುದು ತಮ್ಮ ಕೆಲಸ ಅಂತ ಒಪ್ಪಿಕೊಂಡರೆ ಬನ್ನಿ ಅಂತಲೇ ನಾನು ಹೇಳುವುದು. ಇಲ್ಲದಿದ್ದರೆ ಈಗ ಬೇಡ. ಈಗಿನ ಕಂಪನಿಯಲ್ಲೇ ಡೆವಲಪ್‌ಮೆಂಟ್ ಪ್ರಾಜೆಕ್ಟ್‌ಗೆ ಬದಲಿ ಕೇಳಿ. ಮ್ಯಾನೇಜರ್ ಬಿಡಲ್ಲ ಅಂದಿದ್ದಾರೆ, ಸರಿ. ಒಂದು ಸಲ ಬಾಯಲ್ಲಿ ಕೇಳಿ ಬಿಟ್ಟಿದ್ದೀರಿ. ಮೇಲ್‌ನಲ್ಲಿ ಕೇಳಿ, ಮುಂದಿನ ಅಪ್ರೈಸಲ್‌ನಲ್ಲಿ ಅದನ್ನೇ ಇಟ್ಟು ಮತ್ತೆ ಕೇಳಿ.

ದುಡ್ಡಿನ ಲೆಕ್ಕ ನೀವು ಹಾಕಿದ್ದು ಅರ್ಧ. ಪಿಜಿಗೆ ಬೆಂಗಳೂರಿನಲ್ಲಿ 9,500, ಬೆಳಗಾವಿಯಲ್ಲಿ ವಿಚಾರಿಸಿದ್ದು 6,000. ಇಲ್ಲಿಗೇ ನಾಲ್ಕು ಸಾವಿರದ ಅಂತರದಲ್ಲಿ ಮೂರೂವರೆ ಹೋಯಿತು. ತಿಂಗಳಿಗೊಮ್ಮೆ ಊರಿಗೆ ಬರುವ ಸ್ಲೀಪರ್ ಬಸ್ ಖರ್ಚು ಉಳಿಯುತ್ತದೆ. ಆದರೆ ಪಿಎಫ್ ಕಾಯ್ದೆ ಸಾಮಾನ್ಯವಾಗಿ ಕಡ್ಡಾಯ ಆಗುವುದು 20 ಅಥವಾ ಹೆಚ್ಚು ಜನ ಇರುವ ಕಡೆ. ಹದಿನಾಲ್ಕು ಜನರ ಕಂಪನಿಯಲ್ಲಿ ಪಿಎಫ್ ಇಲ್ಲದೇ ಇರಬಹುದು. ಮೂಲ ವೇತನ 15 ಸಾವಿರ ಅಂತ ಹಿಡಿದರೂ, ಈಗಿನ ಕಂಪನಿ ತನ್ನ ಪಾಲಿನ ಶೇ 12 ಅಂತ ತಿಂಗಳಿಗೆ 1,800 ಹಾಕುತ್ತಿರುತ್ತದೆ. ಆರೋಗ್ಯ ವಿಮೆಯಲ್ಲಿ ಅಪ್ಪ-ಅವ್ವನ ಹೆಸರು ಇದ್ದರೆ ಅದೂ ಹೋಗುತ್ತದೆ. ಎಲ್ಲ ಕೂಡಿ ಕಳೆದರೆ ಹೆಚ್ಚುಕಡಿಮೆ ಸಮ. ಹಾಗಾಗಿ ದುಡ್ಡನ್ನು ನೋಡಿ ನಿರ್ಧಾರ ಮಾಡಬೇಡಿ, ಪಿಎಫ್ ಮತ್ತು ವಿಮೆಯ ಮಾತನ್ನು ಮಾತ್ರ ಆಫರ್ ಲೆಟರ್‌ನಲ್ಲಿ ಬರೆಸಿಕೊಳ್ಳಿ.

ವಂದೇ ಭಾರತ್ ಬಂತಲ್ಲ, ಬೆಂಗಳೂರಲ್ಲೇ ಇದ್ದು ಓಡಾಡಬಹುದು ಅಂತ ಅತ್ತೆ ಹೇಳಿದರಂತೆ. 2025ರ ಆಗಸ್ಟ್ 10ರಂದು ಬೆಂಗಳೂರು-ಬೆಳಗಾವಿ ವಂದೇ ಭಾರತ್‌ಗೂ, ಎಲೆಕ್ಟ್ರಾನಿಕ್ ಸಿಟಿ ಮೇಲೆ ಹೋಗುವ ಮೆಟ್ರೊ ಹಳದಿ ಮಾರ್ಗಕ್ಕೂ ಒಂದೇ ದಿನ ಚಾಲನೆ ಸಿಕ್ಕಿತು, ನಿಮ್ಮನ್ನೇ ನೆನೆಸಿಕೊಂಡು ಮಾಡಿದ ಹಾಗಿದೆ. ಆದರೆ ಆ ರೈಲು ಬೆಳಗಾವಿ ಮುಟ್ಟುವುದು ರಾತ್ರಿ, ಮುಧೋಳಕ್ಕೆ ಅಲ್ಲಿಂದ ಮತ್ತೆ ಬಸ್ಸು. ನಿಮಗೆ ಸ್ಲೀಪರ್ ಬಸ್ಸೇ ಗತಿ.

ಅಪ್ಪನ ಮಾತಿಗೆ ಬರುತ್ತೇನೆ. ಕೆಎಎಸ್ ಓದುವುದು ತಪ್ಪಲ್ಲ, ನಿಮಗೆ ಆಸೆ ಇದ್ದರೆ. ಪತ್ರದಲ್ಲಿ ಆ ಆಸೆ ನನಗೆ ಕಾಣಲಿಲ್ಲ. ಕಳೆದ ಸಲ 384 ಹುದ್ದೆಗೆ ಎರಡು ಲಕ್ಷ ಮೀರಿ ಅರ್ಜಿ ಬಿದ್ದವು. 2024ರ ಆಗಸ್ಟ್‌ನಲ್ಲಿ ನಡೆದ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಡಿಸೆಂಬರ್‌ನಲ್ಲಿ ಮತ್ತೆ ಪರೀಕ್ಷೆ ಇಟ್ಟರು, ಅದರಲ್ಲೂ ತಪ್ಪು ಅಂತ ಗಲಾಟೆ ಆಯಿತು. ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ವರ್ಷಗಟ್ಟಲೆ ಓದುವ ಹುಡುಗ-ಹುಡುಗಿಯರನ್ನು ನೋಡಿದ್ದೇನೆ. ಬೇರೆಯವರ ಆಸೆಗಾಗಿ ಅಷ್ಟು ವರ್ಷ ಕೂರಲು ಆಗುವುದಿಲ್ಲ ತಂಗಿ. ಆದರೆ ಅಪ್ಪನ ಮಾತಿನಲ್ಲಿ ಪರೀಕ್ಷೆಗಿಂತ ಬೇರೆ ಏನೋ ಇದೆ. 'ಎರಡಕ್ಕೆ ರೂಮಿಗೆ ಬರ್ತಿ' ಅಂತ ಅವರು ಅಂದದ್ದನ್ನು ನೀವೇ ಬರೆದಿದ್ದೀರಿ. ಅವರ ಚಿಂತೆ ಸಾಫ್ಟ್‌ವೇರ್ ಬಗ್ಗೆ ಅಲ್ಲ, ರಾತ್ರಿ ಬಗ್ಗೆ. ರಾತ್ರಿ ಪಾಳಿಯ ಹೆಣ್ಣುಮಕ್ಕಳಿಗೆ ಕಂಪನಿಯೇ ವಾಹನ, ಭದ್ರತೆ ಕೊಡಬೇಕು ಅನ್ನುವ ಷರತ್ತು ನಮ್ಮ ರಾಜ್ಯದಲ್ಲಿದೆ, ನಿಮ್ಮ ಕ್ಯಾಬ್ ಹೇಗೆ ಬರುತ್ತದೆ ಅಂತ ಒಂದು ಸಲ ವಿಡಿಯೊ ಕಾಲ್ ಮಾಡಿ ತೋರಿಸಿ. ಮಾರ್ಚ್‌ನಲ್ಲಿ ಅಮೆರಿಕದವರು ಗಡಿಯಾರ ಒಂದು ತಾಸು ಮುಂದಿಟ್ಟರೆ ನಿಮ್ಮ ಪಾಳಿ ಒಂದು ತಾಸು ಬೇಗ ಬರುತ್ತದೆ, ನವೆಂಬರ್‌ನಲ್ಲಿ ಮತ್ತೆ ತಡ ಆಗುತ್ತದೆ ಅಂತಲೂ ಹೇಳಿ. ಇಲ್ಲದಿದ್ದರೆ ಒಂದು ದಿನ ಫೋನ್ ತಡವಾದ ಕೂಡಲೇ ಅವರಿಗೆ ನಿದ್ದೆ ಹೋಗುತ್ತದೆ.

ಬಾಂಡ್ ವಿಷಯಕ್ಕೆ ಗೆಳೆಯರು 'ಅದು ಬರೀ ಕಾಗದ, ಸಹಿ ಹಾಕಿಬಿಡು' ಅಂದರಂತೆ. ನಂಬಬೇಡಿ. ಕೆಲಸ ಬಿಟ್ಟ ಮೇಲೆ ಬೇರೆ ಕಂಪನಿ ಸೇರಬಾರದು ಅನ್ನುವ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಇಷ್ಟು ವರ್ಷ ಇರಬೇಕು, ಇಲ್ಲವಾದರೆ ಇಷ್ಟು ಕಟ್ಟಬೇಕು ಅನ್ನುವುದು ಬೇರೆ. ಮೂರು ವರ್ಷದ ಮೊದಲೇ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನುವ ಸಾರ್ವಜನಿಕ ವಲಯದ ಬ್ಯಾಂಕೊಂದರ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಅದು ಸರ್ಕಾರಿ ಬ್ಯಾಂಕಿನ ವಿಷಯ, ಖಾಸಗಿ ಕಂಪನಿಗೆ ಹಾಗೇ ಅನ್ವಯಿಸುತ್ತದೆ ಅಂತಲ್ಲ. ಆದರೂ ಮೊತ್ತ ಎಷ್ಟು, ಯಾವ ತರಬೇತಿಗೆ ಅಂತ ಬರೆದಿಲ್ಲದ ಬಾಂಡ್‌ಗೆ ಸಹಿ ಬೇಡ. ಎರಡು ವರ್ಷವನ್ನು ಒಂದಕ್ಕೆ ಇಳಿಸಿ ಅಂತ ಕೇಳಿ, ಸಣ್ಣ ಕಂಪನಿಯವರು ಎಷ್ಟೋ ಸಲ ಒಪ್ಪುತ್ತಾರೆ. ಮೂಲ ಮಾರ್ಕ್ಸ್ ಕಾರ್ಡ್ ಮಾತ್ರ ಯಾರು ಕೇಳಿದರೂ ಕೊಡಬೇಡಿ. ತೋರಿಸಿ, ಜೆರಾಕ್ಸ್ ಕೊಡಿ, ವಾಪಸ್ ಚೀಲದಲ್ಲಿ ಇಟ್ಟುಕೊಳ್ಳಿ. ಅಷ್ಟಕ್ಕೇ ಕೆಲಸ ಇಲ್ಲ ಅಂದರೆ ಅಲ್ಲಿ ಕೋಡ್ ಓದುವವರು ಇದ್ದರೂ ಹೋಗಬೇಡಿ.

ನಿಮ್ಮ ನೋಟಿಸ್ 90 ದಿನ. ಬೆಳಗಾವಿಯವರು ಅಷ್ಟು ಕಾಯುತ್ತಾರಾ ಅಂತ ಈಗಲೇ ಕೇಳಿ, ಆಫರ್ ಲೆಟರ್ ಕೈಗೆ ಬರುವವರೆಗೆ ರಾಜೀನಾಮೆ ಬೇಡ. ಬಿಡುವಾಗ ರಿಲೀವಿಂಗ್ ಲೆಟರ್ ತಪ್ಪದೆ ತೆಗೆದುಕೊಳ್ಳಿ. ಪಿಎಫ್ ದುಡ್ಡು ತೆಗೆದು ಸ್ಕೂಟಿ ಕೊಳ್ಳಲಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಐದು ವರ್ಷದ ಸೇವೆ ಆಗುವ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ, ಅಲ್ಲೇ ಬಿಟ್ಟ ಪಿಎಫ್‌ಗೆ 2024-25ರಲ್ಲಿ ಶೇ 8.25 ಬಡ್ಡಿ ಕೊಟ್ಟಿದ್ದಾರೆ. ಯುಎಎನ್ (ಪಿಎಫ್ ಖಾತೆಯ ಗುರುತು) ನಂಬರ್ ಬರೆದಿಟ್ಟುಕೊಂಡು ದುಡ್ಡು ಅಲ್ಲೇ ಬಿಡಿ. ಸ್ಕೂಟಿ ಹಳೆಯದೇ ನೋಡಿ, ಉದ್ಯಮಬಾಗದ ರಸ್ತೆಗೆ ಹೊಸದು ಯಾಕೆ.

— ಸಂ.